ಢೋಲಕ್‌ಪುರದಲ್ಲಿ ಕೇರಿ ಯಾವ ದಿಕ್ಕಿಗಿದೆ?

ನಮ್ಮ ವಿಮರ್ಶಕರು ಕಾವ್ಯ ಓದಿದ್ದಾರೆ, ಕಾದಂಬರಿ ಓದಿದ್ದಾರೆ, ಸಿನಿಮಾವನ್ನೂ ಅಷ್ಟಿಷ್ಟು ನೋಡಿದ್ದಾರೆ. ಐದು ವರ್ಷದ ಕೂಸು ಬಾಯಿ ಬಿಟ್ಕೊಂಡು ದಿನಾ ನೋಡುವ ಕಾರ್ಟೂನನ್ನು ಮಾತ್ರ ಯಾರೂ ಕಣ್ಣೆತ್ತಿ ನೋಡಿಲ್ಲ. ‘ಮಕ್ಕಳಾಟ ಕಣಯ್ಯ, ಅದಕ್ಕೆಂಥ ವಿಮರ್ಶೆ’ ಅಂತಾರೆ. ಈ ತಾತ್ಸಾರ ಮನೆಯಲ್ಲಿ ಪುಸ್ತಕದ ಬೀರು ಇದ್ದವರಿಗೆ ಸಲ್ಲುತ್ತದೆ. ನಮ್ಮ ಹಟ್ಟಿಗಳಿಗೆ ಪುಸ್ತಕ ಬಂದದ್ದು ನಮ್ಮ ತಲೆಮಾರಿಗೇ. ಪುಸ್ತಕಕ್ಕಿಂತ ಮೊದಲು ಬಂದದ್ದು ಟೀವಿ. ಆದ್ದರಿಂದ ಆ ಟೀವಿಯೊಳಗಿಂದ ಇಳಿದು ಬಂದು ನಮ್ಮ ಎದೆಯಲ್ಲಿ ಮೊದಲು ಮನೆ ಮಾಡಿದ ವೀರ ಯಾರು, ಅವನು ನಮಗೆ ಏನು ಕೊಟ್ಟ, ಏನನ್ನು ಮರೆಮಾಚಿದ ಎಂದು ಕೇಳುವುದು ನಮ್ಮ ಮಟ್ಟಿಗೆ ಸಾಹಿತ್ಯದ ಪ್ರಶ್ನೆಯೇ.

ಆ ವೀರನ ಹೆಸರು ಛೋಟಾ ಭೀಮ್. ಹೈದರಾಬಾದಿನ ಗ್ರೀನ್ ಗೋಲ್ಡ್ ಎಂಬ ಕಂಪನಿಯಲ್ಲಿ ರಾಜೀವ್ ಚಿಲಕ ಎಂಬುವರು ಹುಟ್ಟುಹಾಕಿದ ಹುಡುಗ. 2008ರಲ್ಲಿ ಪೋಗೋ ಚಾನೆಲ್ಲಿನಲ್ಲಿ ಶುರುವಾದ ಸರಣಿ. ಊರು ಢೋಲಕ್‌ಪುರ, ರಾಜ ಇಂದ್ರವರ್ಮ. ಭೀಮನ ಜೊತೆಗಾರರು ಚುಟ್ಕಿ, ಪುಟ್ಟ ರಾಜು, ಮಾತಾಡುವ ಕೋತಿ ಜಗ್ಗು. ಅಡ್ಡಗಾಲು ಹಾಕುವವನು ಕಾಲಿಯಾ, ಅವನ ಹಿಂದೆ ಅವಳಿಜವಳಿ ಢೋಲು ಭೋಲು. ಊರಿಗೆ ಕಳ್ಳ ಬರಲಿ, ರಾಕ್ಷಸ ಬರಲಿ, ಮಾಟಗಾರ ಬರಲಿ, ಭೀಮ ಒಂದು ಲಾಡು ಬಾಯಿಗೆ ಹಾಕಿಕೊಂಡನೆಂದರೆ ತೋಳು ಉಬ್ಬುತ್ತದೆ; ಎದುರಾಳಿ ಆಕಾಶಕ್ಕೆ ಹಾರುತ್ತಾನೆ. ಇಷ್ಟೇ ಕಥೆ. ಈ ಇಷ್ಟೇ ಕಥೆಯನ್ನು ನಾವು ನೂರಾರು ಸಲ ನೋಡಿದ್ದೇವೆ. ಇವತ್ತಿಗೂ ಆ ಹಾಡಿನ ರಾಗ ಎಲ್ಲಾದರೂ ಕಿವಿಗೆ ಬಿದ್ದರೆ ನಮ್ಮಲ್ಲಿ ಎಂ.ಎ. ಮಾಡಿದವರೂ ತಲೆಯೆತ್ತಿ ನೋಡುತ್ತೇವೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹೇಗೆ ನೋಡಿದೆವು ಎಂಬುದನ್ನೂ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ದುಡ್ಡು ಬಂದ ಮನೆಗಳಿಗೆ ಡಿಶ್ ಬಂತು. ಬ್ಯಾರನ್ ಇದ್ದವರ ಮನೆಯಲ್ಲಿ ಟೀವಿ, ಬ್ಯಾರನ್ನಿಗೆ ಸೊಪ್ಪು ಕಟ್ಟುವವರ ಮಕ್ಕಳು ಆ ಮನೆಯ ಜಗಲಿಯಲ್ಲಿ. ಅವ್ವ ಒಳಗೆ ಹಿತ್ತಲಲ್ಲಿ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದರೆ ನಾವು ಹೊರಗೆ ಕಿಟಕಿಯ ಸರಳು ಹಿಡಿದು ಭೀಮನನ್ನು ನೋಡುತ್ತಿದ್ದೆವು. ಹೆಚ್.ಡಿ. ಕೋಟೆಯ ಕಡೆ ಅಪ್ಪ ಅವ್ವ ಬೆಳಕು ಹರಿಯುವ ಮುಂಚೆಯೇ ಜೀಪಿನಲ್ಲಿ ನೇತಾಡಿಕೊಂಡು ಕೊಡಗಿನ ಕಾಫಿ ತೋಟಕ್ಕೆ ಹೋದರೆ ಮನೆ ಕಾಯುವ ಹೈಕಳಿಗೆ ಅಕ್ಕಪಕ್ಕದ ಟೀವಿಯೇ ಅಜ್ಜಿ. ಮುಂದೆ ನಮ್ಮ ಕಾಲೋನಿಗಳಿಗೂ ಒಂದೊಂದು ಟೀವಿ ಬಂತು. ಒಂದು ಟೀವಿಗೆ ಇಪ್ಪತ್ತು ತಲೆ. ‘ಆ ಪೆಟ್ಗೆ ಮುಂದೆ ಕುಂತ್ರೆ ಹೊಟ್ಟೆ ತುಂಬ್ತದೇನ್ರಲಾ’ ಎಂದು ಅವ್ವಂದಿರು ಬೈಯುತ್ತಿದ್ದರು. ಲಾಡು ತಿನ್ನುವ ಭೀಮನನ್ನು ಕಂಡರೆ ಅವರೂ ನಗುತ್ತಿದ್ದರು.

ಭೀಮ ಆಡುತ್ತಿದ್ದದ್ದು ಹಿಂದಿ. ನಮಗೆ ಹಿಂದಿಯ ಗಂಧ ಇರಲಿಲ್ಲ. ಆದರೂ ಎಲ್ಲ ತಿಳಿಯುತ್ತಿತ್ತು. ಮುಂದೆ 2019ರಲ್ಲಿ ಇದೇ ಭೀಮನ ಕೂಸುತನದ ಕಥೆ ‘ಮೈಟಿ ಲಿಟಲ್ ಭೀಮ್’ ನೆಟ್‌ಫ್ಲಿಕ್ಸಿನಲ್ಲಿ ಮಾತೇ ಇಲ್ಲದೆ ಬಂತು, ಪರದೇಶದ ಮಕ್ಕಳೂ ನೋಡಲಿ ಎಂದು. ನಾವು ಹತ್ತು ವರ್ಷ ಮೊದಲೇ ಅವನನ್ನು ಮಾತಿಲ್ಲದವನಂತೆ ನೋಡಿಬಿಟ್ಟಿದ್ದೆವು!

ಈಗ ಮುಖ್ಯ ಪ್ರಶ್ನೆಗೆ ಬರೋಣ. ಯಾಕೆ ಅಷ್ಟು ಪ್ರೀತಿ? ಗುದ್ದಿನ ಮೇಲಿನ ಆಸೆಗೆ ಎಂದು ಮೇಲುನೋಟದವರು ಹೇಳುತ್ತಾರೆ. ಪೆಟ್ಟು ತಿನ್ನುವವರ ಮಕ್ಕಳಿಗೆ ಪೆಟ್ಟು ಕೊಡುವವನು ದೇವರಾಗಿ ಕಂಡ ಎಂಬ ವಾದ. ಇದು ಅರ್ಧ ನಿಜ. ಗುದ್ದುವ ವೀರರು ಟೀವಿಯಲ್ಲಿ ಬೇಕಾದಷ್ಟು ಮಂದಿ ಇದ್ದರು. ನಮ್ಮ ಅಣ್ಣಂದಿರ ಕಾಲದಲ್ಲಿ ದೂರದರ್ಶನದಲ್ಲಿ 1997ರಿಂದ 2005ರವರೆಗೆ ಶಕ್ತಿಮಾನ್ ಗಿರಗಿರನೆ ಸುತ್ತುತ್ತಾ ಬರುತ್ತಿದ್ದ. ಅವನು ಕಾರ್ಟೂನಲ್ಲ, ಮನುಷ್ಯರೇ ನಟಿಸಿದ ಧಾರಾವಾಹಿ. ಆ ಶಕ್ತಿಮಾನ್ ವೇಷ ಕಳಚಿದರೆ ಯಾರು? ಪಂಡಿತ್ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ! ಹೆಸರಿನ ಹಿಂದೆ ಪಂಡಿತ, ಮುಂದೆ ಶಾಸ್ತ್ರಿ. ಶಕ್ತಿ ಬಂದದ್ದು ಋಷಿಗಳಿಂದ, ಯೋಗದಿಂದ, ಕುಂಡಲಿನಿಯಿಂದ. ಅವನ ಶತ್ರು ಕತ್ತಲೆಗೆ ಜೈಕಾರ ಹಾಕುವವನು. ಅಣ್ಣಂದಿರು ಟವೆಲ್ ಕಟ್ಟಿಕೊಂಡು ಸುತ್ತಿದರು ನಿಜ, ಆದರೆ ಸುತ್ತಿ ನಿಂತ ಮೇಲೆ ಆ ಉದ್ದನೆಯ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ. ಶಕ್ತಿಮಾನ್ ಆಗಬೇಕಾದರೆ ಮೊದಲು ಶಾಸ್ತ್ರಿಯಾಗಬೇಕಿತ್ತಲ್ಲ!

ಭೀಮ ಹಾಗಲ್ಲ. ಅವನಿಗೆ ಅಡ್ಡಹೆಸರಿಲ್ಲ. ಅಪ್ಪನ ವಂಶಾವಳಿ ಯಾರೂ ಕೇಳುವುದಿಲ್ಲ. ಮಹಾಭಾರತದ ಹೆಸರು ಇಟ್ಟುಕೊಂಡಿದ್ದರೂ ಅವನು ಅರಮನೆಯ ಮಗನಲ್ಲ. ಮೈಮೇಲೆ ಅಂಗಿ ಇಲ್ಲ, ಕಾಲಲ್ಲಿ ಮೆಟ್ಟಿಲ್ಲ, ಸೊಂಟಕ್ಕೊಂದು ಕಿತ್ತಳೆ ಬಣ್ಣದ ಪಂಚೆ. ನಮ್ಮ ಹಾಗೇ ಬರಿಮೈಯ ಹುಡುಗ. ಅವನು ನೇರ ಅರಮನೆಗೆ ಹೋಗುತ್ತಾನೆ, ಕಾವಲಿನವರು ‘ಎಲ್ಲಿಂದ ಬಂದೆಯೋ’ ಎನ್ನುವುದಿಲ್ಲ. ರಾಜನ ಪಕ್ಕ ನಿಂತು ಮಾತಾಡುತ್ತಾನೆ, ಕೈಕಟ್ಟುವುದಿಲ್ಲ. ಟುನ್‌ಟುನ್ ಅಮ್ಮನ ಅಂಗಡಿಯ ತಟ್ಟೆಗೆ ತಾನೇ ಕೈ ಹಾಕಿ ಲಾಡು ತೆಗೆಯುತ್ತಾನೆ. ಆಕೆ ಬೈದರೂ ಅದು ಲಾಡು ಖಾಲಿಯಾಯಿತೆಂದು, ತಟ್ಟೆ ಮುಟ್ಟಿದನೆಂದಲ್ಲ. ಊರ ಮಕ್ಕಳೆಲ್ಲ ಒಂದೇ ಕೊಳದಲ್ಲಿ ಈಜು ಬೀಳುತ್ತಾರೆ. ಗೆಳೆಯರೇ, ಕಿಟಕಿ ಸರಳು ಹಿಡಿದ ಹೈಕಳು ಬಾಯಿ ಬಿಟ್ಟು ನೋಡಿದ್ದು ಇದನ್ನು. ತೋಳಿನ ಬಲ ಕಂಡದ್ದು ಆಮೇಲೆ. ತೆರೆದ ಬಾಗಿಲು, ಎಲ್ಲರ ಕೈ ಹೋಗುವ ತಟ್ಟೆ, ಎಲ್ಲರ ಮೈ ಇಳಿಯುವ ನೀರು — ಈ ಮೂರು ನಮಗೆ ಆಕಾಶದಲ್ಲಿ ಹಾರುವುದಕ್ಕಿಂತ ದೊಡ್ಡ ಪವಾಡವಾಗಿತ್ತು. ಶಾಲೆಗೆ 2002–03ರಲ್ಲಿ ಹಂತಹಂತವಾಗಿ ಬಿಸಿಯೂಟ ಬಂದಿತ್ತು. ಒಂದೇ ಸಾಲಿನಲ್ಲಿ ಕುಂತು ಉಣ್ಣುವ ಮೊದಲ ಪಾಠ ಅಲ್ಲಿ ನಡೆಯುತ್ತಿತ್ತು. ಶಾಲೆಯ ಗೇಟು ದಾಟಿದರೆ ಆ ಸಾಲು ಮುರಿಯುತ್ತಿತ್ತು. ಢೋಲಕ್‌ಪುರದಲ್ಲಿ ಮುರಿಯುತ್ತಿರಲಿಲ್ಲ.

ಇದು ಆ ಕಾರ್ಟೂನು ನಮಗೆ ಕೊಟ್ಟದ್ದು. ಇದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು. ಯಾಕೆಂದರೆ ‘ಬಂಡವಾಳಶಾಹಿಯ ಸರಕು’ ಎಂದು ಒಂದೇ ಮಾತಲ್ಲಿ ತಳ್ಳಿಹಾಕುವ ಗೆಳೆಯರೂ ನಮ್ಮಲ್ಲಿದ್ದಾರೆ. ಸರಕು ಹೌದು. ಭೀಮನ ಚಿತ್ರದ ಬ್ಯಾಗು, ಟಿಫನ್ ಡಬ್ಬಿ, ಪೆನ್ಸಿಲ್ ಬಾಕ್ಸು ಸಂತೆಗೆಲ್ಲ ಬಂದವು, 2012ರಲ್ಲಿ ಥಿಯೇಟರಿಗೇ ಸಿನಿಮಾ ಬಂತು. ಆದರೆ ಮಗು ಸರಕಿನೊಳಗಿಂದಲೂ ತನಗೆ ಬೇಕಾದ್ದನ್ನು ಹೆಕ್ಕಿಕೊಳ್ಳುತ್ತದೆ. ಹಸಿದವನು ಉಂಡದ್ದನ್ನು ಟೀಕಿಸುವ ಮೊದಲು ಅವನ ಹಸಿವನ್ನು ನೋಡಬೇಕು.

ನೋಡಿದ ಮೇಲೆ ಕೇಳಬೇಕು: ಈ ಢೋಲಕ್‌ಪುರದಲ್ಲಿ ಕೇರಿ ಯಾವ ದಿಕ್ಕಿಗಿದೆ?

ನಮ್ಮ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಬೇಕಾದರೂ ಹೋಗಿ. ಬಸ್ಸಿಳಿದು ಒಂದು ಸುತ್ತು ಬಂದರೆ ಸಾಕು, ಕೇರಿ ಎಲ್ಲಿದೆ ಎಂದು ಯಾರನ್ನೂ ಕೇಳದೆ ಹೇಳಬಹುದು. ಡಾಂಬರು ಮುಗಿಯುವ ಜಾಗ, ಚರಂಡಿ ನೀರು ಹರಿದು ನಿಲ್ಲುವ ಜಾಗ. ಢೋಲಕ್‌ಪುರಕ್ಕೆ ಅರಮನೆ ಇದೆ, ಹೊಲ ಇದೆ, ಕಾಡಿದೆ, ಅಂಗಡಿ ಬೀದಿ ಇದೆ. ಸತ್ತ ದನ ಎಳೆಯುವವರಿಲ್ಲ. ಬೀದಿ ಗುಡಿಸುವವರಿಲ್ಲ. ಅಷ್ಟೇ ಏಕೆ, ಊರಿನ ಹೆಸರನ್ನೇ ನೋಡಿ. ಢೋಲಕ್ ಎಂದರೆ ಚರ್ಮವಾದ್ಯ. ಢೋಲಕ್ಕಿಗೆ ತೊಗಲು ಬೇಕು. ಆ ತೊಗಲು ಸುಲಿದವನು ಯಾರು, ಹದ ಮಾಡಿದವನು ಯಾರು, ಬಿಗಿದು ಬಾರಿಸಿದವನು ಯಾರು? ಅವನ ಮನೆ ಎಲ್ಲಿ? ಊರು ಅವನ ವಾದ್ಯದ ಹೆಸರು ಹೊತ್ತುಕೊಂಡಿದೆ, ಅವನಿಗೆ ಮಾತ್ರ ಒಂದು ಗುಡಿಸಲೂ ಇಲ್ಲ.

ಜಾತಿ ಇಲ್ಲದ ಊರನ್ನು ಎರಡು ರೀತಿಯಲ್ಲಿ ಕಟ್ಟಬಹುದು. ಜಾತಿಯನ್ನು ಎದುರಿಸಿ, ಗೋಡೆ ಒಡೆದು ಕಟ್ಟಬಹುದು. ಅಥವಾ ಕೇರಿಯನ್ನು ನಕಾಶೆಯಿಂದ ಅಳಿಸಿಬಿಟ್ಟು, ಉಳಿದವರು ಚೆನ್ನಾಗಿದ್ದಾರೆ ನೋಡಿ ಎನ್ನಬಹುದು. ಢೋಲಕ್‌ಪುರ ಎರಡನೆಯದು. ನಾವು ಭೀಮನಲ್ಲಿ ನಮ್ಮನ್ನು ಕಂಡೆವು. ಅವನನ್ನು ಬರೆದವರು ನಮ್ಮನ್ನು ಕಾಣಲಿಲ್ಲ.

ಅಳಿಸಿದ್ದು ಪೂರ್ತಿ ಅಳಿಯಿತೇ ಎಂದರೆ ಅದೂ ಇಲ್ಲ. ಬೇರೆ ವೇಷದಲ್ಲಿ ತಿರುಗಿ ಬಂತು. ಊರಿನ ಕೆಡುಕನ ಹೆಸರು ಕಾಲಿಯಾ. ಕಾಲಿಯಾ ಎಂದರೆ ಕರಿಯ. ಭೀಮನಿಗಿಂತ ಕಪ್ಪು ಮೈಬಣ್ಣ, ದಪ್ಪ ದೇಹ, ಹೊಟ್ಟೆಕಿಚ್ಚು, ಹೇಡಿತನ ಎಲ್ಲ ಅವನ ಪಾಲಿಗೆ. ಹಿಂದಿ ಬಾರದ ನಮ್ಮ ಹೈಕಳಿಗೂ ಈ ಒಂದು ಶಬ್ದದ ಅರ್ಥ ಯಾರೂ ಹೇಳಿಕೊಡದೆ ತಿಳಿಯಿತು. ತರಗತಿಯಲ್ಲಿ ಎಲ್ಲರಿಗಿಂತ ಕಪ್ಪಗಿದ್ದ ಹುಡುಗನಿಗೆ ‘ಲೇ ಕಾಲಿಯಾ’ ಎಂಬ ಹೆಸರು ಅಂಟಿತು. ಆ ಹುಡುಗ ಎಲ್ಲಿಂದ ಬಂದವನೆಂದು ಬೇರೆ ಹೇಳಬೇಕೆ? ಅವನಿಗೂ ಭೀಮನೇ ಇಷ್ಟ. ಆಟದಲ್ಲಿ ಭೀಮನಾಗುವ ಸರದಿ ಅವನಿಗೆ ಬರುತ್ತಿರಲಿಲ್ಲ.

ಚುಟ್ಕಿಯ ಪಾಡೂ ಇದೇ. ಧೈರ್ಯ ಇದೆ, ಬುದ್ಧಿ ಇದೆ, ಆದರೆ ಹೊತ್ತಿಗೆ ಸರಿಯಾಗಿ ಲಾಡು ಎಸೆಯುವುದು ಅವಳ ಕೆಲಸ. ತಿಂದು ಗೆಲ್ಲುವುದು ಭೀಮನ ಕೆಲಸ. ಲಾಡಿನಲ್ಲಿ ಅಷ್ಟು ಶಕ್ತಿ ಇದ್ದರೆ ಮಾಡಿದವಳೇ ಒಂದು ತಿನ್ನಬಾರದಿತ್ತೇ ಎಂದು ನಮ್ಮ ಅಕ್ಕತಂಗಿಯರು ಆಗಲೇ ಕೇಳಿದ್ದರು. ಕಿವಿಗೆ ಹಾಕಿಕೊಂಡವರಿಲ್ಲ.

ಇನ್ನು ರಾಜ. ಪ್ರತಿ ಕಥೆಯಲ್ಲೂ ಊರು ಆಪತ್ತಿಗೆ ಸಿಗುತ್ತದೆ, ಪ್ರತಿ ಕಥೆಯಲ್ಲೂ ಭೀಮ ಬಿಡಿಸುತ್ತಾನೆ, ಪ್ರತಿ ಕಥೆಯಲ್ಲೂ ಇಂದ್ರವರ್ಮ ಸಿಂಹಾಸನದ ಮೇಲೆ ಕೂತಿರುತ್ತಾನೆ. ಮಂಗಲ್ ಸಿಂಗ್ ಡಕಾಯಿತ ಏಕೆ ಡಕಾಯಿತನಾದ ಎಂದು ಯಾರೂ ಕೇಳರು. ಇಷ್ಟು ಸೈನ್ಯ ಇಟ್ಟುಕೊಂಡ ರಾಜನಿಗೆ ಒಬ್ಬ ಹುಡುಗನ ಗುದ್ದೇ ಏಕೆ ಬೇಕು ಎಂದೂ ಕೇಳರು. ಸೂಪರ್ ಹೀರೋ ಕಥೆಗಳ ರಾಜಕೀಯ ಇದು: ಊರನ್ನು ದಿನಾ ಉಳಿಸು, ಊರನ್ನು ಎಂದೂ ಬದಲಿಸಬೇಡ. ಜನ ಯಾವಾಗಲೂ ಸುತ್ತ ನಿಂತು ಚಪ್ಪಾಳೆ ತಟ್ಟುವವರು.

ಹಾಗಾದರೆ ನಮಗೆ ಬೇರೆ ವೀರರಿರಲಿಲ್ಲವೇ? ಇದ್ದರು. ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ಕಾವೇರಿಯ ದಡದಲ್ಲಿ, ರಾಚಪ್ಪಾಜಿ ಚೆನ್ನಾಜಮ್ಮನವರ ಗದ್ದುಗೆ ಇದೆ. ಶಿವರಾತ್ರಿಯ ಹೊತ್ತಿಗೆ ಜಾತ್ರೆ ಕೂಡುತ್ತದೆ. ತಂಬೂರಿ ಹಿಡಿದ ನೀಲಗಾರರು ರಾತ್ರಿಯೆಲ್ಲ ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ಆ ಮಂಟೇಸ್ವಾಮಿ ಯಾರು? ಕೊಳಕು ವೇಷದಲ್ಲಿ, ಹೇಸಿಗೆ ಹುಟ್ಟಿಸುವ ಮೈಹೊತ್ತು ಕಲ್ಯಾಣದ ಬಾಗಿಲಿಗೆ ಬಂದವನು. ಬಾಗಿಲಲ್ಲಿ ತಡೆಸಿಕೊಂಡವನು. ಶರಣರ ಶರಣತನವನ್ನೇ ಪರೀಕ್ಷೆ ಮಾಡಿದವನು. ಅವನ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣ ಕೇಳಲು ಹೋಗಿ ಒಂದರ ಮೇಲೊಂದು ಪರೀಕ್ಷೆ ಗೆದ್ದವನು. ಯಾವ ಸೂಪರ್ ಹೀರೋಗೆ ಇವರು ಕಡಿಮೆ? ಭೀಮನಿಗೆ ತೆರೆದೇ ಇದ್ದ ಬಾಗಿಲು ಮಂಟೇಸ್ವಾಮಿಗೆ ಮುಚ್ಚಿತ್ತು. ನಮ್ಮ ಕಥೆ ಶುರುವಾಗುವುದು ಮುಚ್ಚಿದ ಬಾಗಿಲಿನಿಂದ ಎಂದು ನಮ್ಮ ಹಿರೀಕರಿಗೆ ಗೊತ್ತಿತ್ತು.

ಆದರೆ ಮಂಟೇಸ್ವಾಮಿ ಟೀವಿಯಲ್ಲಿ ಕಾರ್ಟೂನಾಗಿ ಬರಲಿಲ್ಲ. ಕನ್ನಡದಲ್ಲಿ ಕಾರ್ಟೂನು ಎಂಬುದೇ ನಮಗೆ ತಡವಾಗಿ ಸಿಕ್ಕಿತು. 1960ರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂಬ ಕಟ್ಟಳೆ ಇತ್ತು. ಕಾನೂನಲ್ಲ, ಚಿತ್ರರಂಗದ ಕಟ್ಟಳೆ. ಆಗ ಕನ್ನಡ ಸಿನಿಮಾ ಉಳಿಯಲು, ನೂರಾರು ಕೆಲಸಗಾರರ ಅನ್ನ ಉಳಿಯಲು ಅದು ಬೇಕಿತ್ತು ಎಂಬ ಮಾತನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಅದರ ಸುಂಕ ಕಟ್ಟಿದವರು ಯಾರು? ಇಂಗ್ಲಿಷ್ ಬಲ್ಲ ಮನೆಯ ಮಗು ಜಗತ್ತಿನ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ನೋಡಿತು. ಕನ್ನಡವೊಂದೇ ಬಲ್ಲ ಕಾಲೋನಿಯ ಮಗು ಬಾಯಾಡಿಸುವ ಬೊಂಬೆಗಳನ್ನು ನೋಡಿತು. 2009ರಲ್ಲಿ ಚಿಂಟು ಟೀವಿ ಶುರುವಾಗಿ ಕಾರ್ಟೂನುಗಳು ಕನ್ನಡ ಮಾತಾಡಿದಾಗ ನಮ್ಮ ಹೈಕಳು ಕುಣಿದುಬಿಟ್ಟರು. ಆಡಿದ್ದು ಬೆಂಗಳೂರಿನ ಇಸ್ತ್ರಿ ಮಾಡಿದ ಕನ್ನಡ; ‘ಬುಡ್ಲಾ’, ‘ಓಯ್ತೀನಿ’ ಎನ್ನುವ ಒಂದು ಬೊಂಬೆಯೂ ಇರಲಿಲ್ಲ. ಆದರೂ ಕನ್ನಡ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಆದೇಶ ಮಾಡಿತು. ಬಾಗಿಲು ನಿಧಾನವಾಗಿ ತೆರೆಯಿತು.

ತೆರೆದ ಆ ಬಾಗಿಲಿನಿಂದ 2020ರಲ್ಲಿ ಇನ್ನೊಬ್ಬ ಭೀಮ ಬಂದ. ಲಾಕ್‌ಡೌನಿನ ವರ್ಷ. ಗದೆ ಹಿಡಿದ ಮಹಾಭಾರತದ ಭೀಮನೂ ಆ ವರ್ಷವೇ ಕನ್ನಡ ಕಲಿತು ಸ್ಟಾರ್ ಸುವರ್ಣದಲ್ಲಿ ಬಂದ. ಅತ್ತ ಜೀ ಕನ್ನಡದಲ್ಲಿ ‘ಮಹಾನಾಯಕ’ ಎಂಬ ಹೆಸರಲ್ಲಿ, ಹಿಂದಿಯಿಂದ ಡಬ್ಬಾಗಿ, ಭೀಮರಾವ್ ಅಂಬೇಡ್ಕರ್ ಎಂಬ ಹುಡುಗ ಬಂದ. ಮಕ್ಕಳ ಚಾನೆಲ್ಲಲ್ಲ, ಕಾರ್ಟೂನಲ್ಲ. ಆದರೆ ಕಾರ್ಟೂನ್ ನೋಡುವ ಹೈಕಳೇ ಟೀವಿಯ ಮುಂದೆ ಮೊದಲು ಬಂದು ಕೂತರು. ಕೇರಿಕೇರಿಗಳಲ್ಲಿ ಅವನ ಫ್ಲೆಕ್ಸು ಎದ್ದವು. ಒಂದು ಧಾರಾವಾಹಿಗೆ ಜನ ತಮ್ಮ ಕೈಯಿಂದ ದುಡ್ಡು ಹಾಕಿ ಬೋರ್ಡು ಕಟ್ಟಿದ್ದನ್ನು ನಾವು ಬೇರೆಲ್ಲೂ ಕಂಡಿಲ್ಲ. ಇದನ್ನು ನಿಲ್ಲಿಸಿ ಎಂದು ರಾತ್ರಿ ಹೊತ್ತು ಕರೆಗಳು ಬರುತ್ತಿವೆ ಎಂದು ಆಗ ವಾಹಿನಿಯ ಮುಖ್ಯಸ್ಥರಾಗಿದ್ದ ರಾಘವೇಂದ್ರ ಹುಣಸೂರು ಅವರೇ ಬಹಿರಂಗವಾಗಿ ಹೇಳಿದರು. ನಿಲ್ಲಿಸುವುದಿಲ್ಲ ಎಂದೂ ಹೇಳಿದರು. ನಮ್ಮ ಹುಣಸೂರಿನ ಹೆಸರು ಹೊತ್ತವರು ಹಾಗೆ ನಿಂತದ್ದು ನಮಗೆ ಹೆಮ್ಮೆಯೇ.

ಈ ಎರಡು ಭೀಮರನ್ನು ಅಕ್ಕಪಕ್ಕ ಇಟ್ಟು ನೋಡಿ. ಒಬ್ಬನ ಕೈಯಲ್ಲಿ ಲಾಡು. ಇನ್ನೊಬ್ಬನ ಕಥೆ ಬೇರೆ. 1901ರಲ್ಲಿ ಸಾತಾರಾದಿಂದ ಕೋರೆಗಾಂವಿನಲ್ಲಿದ್ದ ಅಪ್ಪನನ್ನು ನೋಡಲು ರೈಲಿಳಿದು ಬಂಡಿಯಲ್ಲಿ ಹೊರಟ ಒಂಬತ್ತು ಹತ್ತು ವರ್ಷದ ಆ ಹುಡುಗ, ಒಡಹುಟ್ಟಿದವರ ಜೊತೆ. ಬುತ್ತಿ ಇತ್ತು, ಬುತ್ತಿಯ ತುಂಬ ಊಟ ಇತ್ತು. ಕುಡಿಯಲು ನೀರು ಕೊಡುವವರು ದಾರಿಯಲ್ಲಿ ಒಬ್ಬರೂ ಸಿಗಲಿಲ್ಲ. ನೀರಿಲ್ಲದೆ ತುತ್ತು ಇಳಿಯಲಿಲ್ಲ. ಊಟ ಕೈಯಲ್ಲಿಟ್ಟುಕೊಂಡೇ ಹಸಿದು ಮಲಗಿದರು. ಇದನ್ನು ಅಂಬೇಡ್ಕರ್ ತಾವೇ ಬರೆದಿಟ್ಟಿದ್ದಾರೆ. ಲಾಡು ತಿಂದರೆ ಬಲ ಬರುತ್ತದೆ ಎಂದು ಒಂದು ಕಥೆ ಹೇಳಿತು. ತಿನ್ನಲು ಬಿಡದ ಊರೂ ಒಂದಿದೆ ಎಂದು ಇನ್ನೊಂದು ಹೇಳಿತು. ನಮ್ಮ ಹೈಕಳಿಗೆ ಎರಡೂ ತಿಳಿದವು. ಎರಡನೆಯದು ಅವರಿಗೆ ಹೊಸ ಸುದ್ದಿಯೂ ಆಗಿರಲಿಲ್ಲ.

ಹಾಗೆಂದು ‘ಮಹಾನಾಯಕ’ನಿಗೆ ಬರೀ ಜೈಕಾರ ಹಾಕಿ ಎದ್ದು ಬಂದರೆ ನಾವು ವಿಮರ್ಶಕರಲ್ಲ. ಅಲ್ಲೂ ಸೂಪರ್ ಹೀರೋನ ಅಚ್ಚು ಕೆಲಸ ಮಾಡಿತು. ಹುಡುಗ ಬಂದರೆ ಹಿನ್ನೆಲೆ ಸಂಗೀತ ಏಳುತ್ತದೆ, ಗಾಳಿ ಬೀಸುತ್ತದೆ, ಕಣ್ಣಿಗೆ ಬೆಳಕು ಬೀಳುತ್ತದೆ. ಕೆಡುಕರು ಹಲ್ಲು ಕಡಿಯುತ್ತಾರೆ. ಜಾತಿ ಎಂಬುದು ನಾಲ್ಕು ಜನ ದುಷ್ಟರ ದುಷ್ಟತನವೆಂಬಂತೆ ಕಾಣುತ್ತದೆ. ಒಳ್ಳೆಯವರೂ ಶಾಂತವಾಗಿ, ದಿನನಿತ್ಯ, ಕೈಮುಗಿದುಕೊಂಡೇ ನಡೆಸುವ ವ್ಯವಸ್ಥೆ ಅದು ಎಂಬುದು ಮರೆಗೆ ಸರಿಯುತ್ತದೆ. ಬಾಬಾಸಾಹೇಬರ ದೊಡ್ಡತನ ಇರುವುದು ಒಂಟಿ ಗುದ್ದಿನಲ್ಲಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಅವರು ಒಬ್ಬರೇ ಹೋಗಲಿಲ್ಲ; ಸಾವಿರಾರು ಜನ ನಡೆದು ಹೋದರು, ಎಲ್ಲರೂ ಬೊಗಸೆಗೆ ನೀರು ತೆಗೆದರು. ಚಪ್ಪಾಳೆ ತಟ್ಟಲು ದಡದಲ್ಲಿ ಯಾರೂ ನಿಲ್ಲಲಿಲ್ಲ. ಅಲ್ಲಿಗೆ ಸೂಪರ್ ಹೀರೋ ಕಥೆ ಮುಗಿದು ಚರಿತ್ರೆ ಶುರುವಾಗುತ್ತದೆ.

ದೂರದ ಮಹಾಡು ಬೇಡವೆಂದರೆ ನಮ್ಮ ಪಕ್ಕದ ಕಾಡನ್ನೇ ನೋಡಿ. ಹುಣಸೂರು, ಕೋಟೆ ತಾಲ್ಲೂಕುಗಳಿಗೂ ಕೊಡಗಿಗೂ ಹಬ್ಬಿದ ನಾಗರಹೊಳೆಯೊಳಗೆ 1990ರ ದಶಕದಲ್ಲಿ ತಾಜ್ ಗುಂಪಿನ ಹೋಟೆಲು ಕಟ್ಟಲು ಸರ್ಕಾರ ಗುತ್ತಿಗೆ ಕೊಟ್ಟಿತು. ಕಾಡಿನ ಮಕ್ಕಳನ್ನು ಹಾಡಿಯಿಂದ ಎಬ್ಬಿಸುವ ಕಾಡಿನಲ್ಲೇ ಹಣವಂತರಿಗೆ ಹಾಸಿಗೆ! ಜೇನು ಕುರುಬರು, ಇತರ ಆದಿವಾಸಿಗಳು ಸಂಘ ಕಟ್ಟಿ ಹೋರಾಡಿದರು. 1997ರಲ್ಲಿ ಹೈಕೋರ್ಟು ಆ ಹೋಟೆಲನ್ನು ತಡೆಯಿತು. ಇದಕ್ಕಿಂತ ರೋಮಾಂಚನದ ಕಥೆ ಯಾವ ಕಾರ್ಟೂನಿನಲ್ಲಿದೆ? ಕಾರ್ಟೂನುಗಳಲ್ಲಿ ಕಾಡಿನ ಜನ ಬಂದರೆ ತಲೆಗೆ ಗರಿ ಸಿಕ್ಕಿಸಿ ಊಳಿಡುವ ಕಾಡುಮನುಷ್ಯರಾಗಿ ಬರುತ್ತಾರೆ. ಹಾಡಿಯ ಕೂಸು ಅದನ್ನೇ ನೋಡಿ ನಗಬೇಕು.

ನಮ್ಮ ಕೋರಿಕೆ ದೊಡ್ಡದಲ್ಲ. ಚಿತ್ರಕಥೆ ಮೇಲಿನವರ ಸೊತ್ತಲ್ಲ ಎಂಬುದಕ್ಕೆ ಪುರಾವೆ ಇದೆ. ಪುರಾಣಪುರುಷರನ್ನೇ ಸಾಲಾಗಿ ತಂದ ಅಮರ ಚಿತ್ರಕಥೆಯವರೂ 1979ರಲ್ಲಿ ಅಂಬೇಡ್ಕರ್ ಸಂಚಿಕೆ ತಂದರು. 2011ರಲ್ಲಿ ‘ಭೀಮಾಯಣ’ ಬಂತು. ಅದರ ಚಿತ್ರ ಬರೆದವರು ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಂಬ ಗೊಂಡ ಕಲಾವಿದರು. ಕಾಮಿಕ್ಸಿನ ಚೌಕಗಳೊಳಗೆ ತಮ್ಮ ಜನರನ್ನು ಕೂಡಿಹಾಕುವುದಿಲ್ಲ ಎಂದರು. ಅವರ ಪುಟಗಳಲ್ಲಿ ನೀರಿನ ಪಂಪಿಗೂ ಜೀವ ಇದೆ, ರೈಲು ಹಾವಿನಂತೆ ಹರಿಯುತ್ತದೆ. ಹಾಡಿಯ ಕೈಗೆ ಕುಂಚ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ನಮ್ಮ ಕವಿಮಿತ್ರರಲ್ಲಿ, ಚಿತ್ರ ಬರೆಯುವ ಗೆಳೆಯರಲ್ಲಿ ಒಂದು ಮಾತು. ಸಭೆಗೆ, ಮೆರವಣಿಗೆಗೆ ಬರೆದಷ್ಟೇ ಶ್ರದ್ಧೆಯಿಂದ ಐದು ವರ್ಷದ ಕೂಸಿಗೂ ಬರೆಯೋಣ. ಕಪ್ಪಡಿಯ ಕಥೆಯನ್ನು ಚಿತ್ರವಾಗಿಸೋಣ. ಕರಿಯ ಹುಡುಗ ವೀರನಾಗಲಿ. ಚುಟ್ಕಿ ತನ್ನ ಲಾಡು ತಾನೇ ತಿನ್ನಲಿ. ಬೊಂಬೆಗಳು ನಮ್ಮವ್ವಂದಿರ ನಾಲಿಗೆಯಲ್ಲಿ ಮಾತಾಡಲಿ. ಭೀಮ ಕೊಟ್ಟ ತೆರೆದ ಬಾಗಿಲು, ಎಲ್ಲರ ತಟ್ಟೆ, ಎಲ್ಲರ ನೀರು ನಮ್ಮ ಕಥೆಯಲ್ಲೂ ಇರಬೇಕು. ಅದನ್ನು ಬಿಟ್ಟು ಬರೀ ನೋವನ್ನೇ ಬಡಿಸಿದರೆ ಕೂಸು ಎದ್ದು ಹೋಗುತ್ತದೆ, ಹೋಗಬೇಕಾದ್ದೇ. ಆದರೆ ಆ ಬಾಗಿಲನ್ನು ಯಾರು ಯಾರು ಸೇರಿ, ಎಷ್ಟು ದಿನ ತಳ್ಳಿ ತೆರೆದರು ಎಂಬುದೂ ಕಥೆಯಲ್ಲಿ ಇರಲಿ. ಊರಿನ ನಕಾಶೆ ಬರೆಯುವಾಗ ಮೊದಲು ಕೇರಿಯನ್ನು ಬರೆಯಿರಿ. ಅರಮನೆಗೆ ಜಾಗ ಉಳಿದರೆ ಆಮೇಲೆ ನೋಡೋಣ.